‘ವೈಲ್ಡ್ ಸ್ವಾನ್ಸ್’ ಓದು ಸಲೀಸಾದದ್ದು ಹೀಗೆ

ಯುಂಗ್ ಚಾಂಗ್ ಅವರ ‘ವೈಲ್ಡ್ ಸ್ವಾನ್ಸ್’ (1991) ಅಜ್ಜಿ, ಅಮ್ಮ, ಮಗಳು ಹೀಗೆ ಚೀನಾದ ಒಂದು ಕುಟುಂಬದ ಮೂರು ತಲೆಮಾರಿನ ನಿಜ ಕಥೆ. ಆ ಮಗಳೇ ಲೇಖಕಿ. ಎಲ್ಲರೂ ಹೊಗಳಿದ ಪುಸ್ತಕ, ನನಗೆ ಮಾತ್ರ ಒಳಗಿಳಿಯಲಿಲ್ಲ. ಜಪಾನೀಯರು, ರಷ್ಯನ್ನರು, ಕುವೊಮಿಂಟಾಂಗ್ ಅನ್ನುವ ರಾಷ್ಟ್ರೀಯವಾದಿ ಪಕ್ಷ, ಕಮ್ಯುನಿಸ್ಟರು. ಯಾರ ಆಳ್ವಿಕೆ ಯಾವಾಗ ಅನ್ನುವುದೇ ತಲೆಗೆ ಹತ್ತುತ್ತಿರಲಿಲ್ಲ.

ಆಗ ಒಂದು ಹಾಳೆಯಲ್ಲಿ ಇಸವಿಗಳನ್ನು ಬರೆದುಕೊಂಡೆ. 1932, ಈಶಾನ್ಯ ಚೀನಾದ ಮಂಚೂರಿಯಾದಲ್ಲಿ ಜಪಾನಿನ ಕೈಗೊಂಬೆ ಸರ್ಕಾರ. 1945, ಜಪಾನಿನ ಶರಣಾಗತಿ. 1949, ಕಮ್ಯುನಿಸ್ಟರ ಜನತಾ ಗಣರಾಜ್ಯ. 1958, ಉಕ್ಕು, ಧಾನ್ಯದ ಉತ್ಪಾದನೆಯನ್ನು ಒಮ್ಮೆಲೇ ಏರಿಸಲು ಹೊರಟ ಮಾವೋನ ‘ಮಹಾ ಜಿಗಿತ’. 1966, ‘ಹಳತನ್ನು’ ಅಳಿಸಲು, ವಿರೋಧಿಗಳನ್ನು ಹಣಿಯಲು ಮಾವೋ ಶುರುಮಾಡಿದ ಸಾಂಸ್ಕೃತಿಕ ಕ್ರಾಂತಿ. ಪಕ್ಕದಲ್ಲಿ ಮೂವರ ವಯಸ್ಸು. ಅಮ್ಮ ಹುಟ್ಟಿದ್ದು 1931ರಲ್ಲಿ. ಅಂದರೆ ಗಣರಾಜ್ಯ ಘೋಷಣೆಯಾದಾಗ ಅವಳಿಗೆ ಹದಿನೆಂಟರ ಆಸುಪಾಸು! ಅಲ್ಲಿಯವರೆಗೆ ನನ್ನ ಕಣ್ಣಿಗೆ ಅವಳು ನಡುವಯಸ್ಸಿನ ಹೆಂಗಸಾಗಿದ್ದಳು.

ಆಮೇಲೆ ನಕ್ಷೆ ತೆರೆದೆ. ಈಶಾನ್ಯದ ಜಿನ್‌ಜೌನಿಂದ ನೈರುತ್ಯದ ಸಿಚುವಾನ್‌ವರೆಗೆ ಬೆರಳಾಡಿಸಿದರೆ ಹೆಚ್ಚುಕಡಿಮೆ ಇಡೀ ಚೀನಾವನ್ನೇ ದಾಟಿದ ಹಾಗೆ. ಅಮ್ಮ ತನ್ನ ಗಂಡನ ಜೊತೆ ಹೊರಟ ಆ ಪ್ರಯಾಣದಲ್ಲಿ ಅವನಿಗೆ ಪಕ್ಷದಲ್ಲಿನ ದರ್ಜೆಯ ಪ್ರಕಾರ ವಾಹನ, ಬಸುರಿ ಹೆಂಡತಿಗೆ ಕಾಲ್ನಡಿಗೆ. ನಿಯಮ ಮುರಿಯಲು ಅವನು ಒಪ್ಪುವುದಿಲ್ಲ. ದಾರಿಯಲ್ಲೇ ಅವಳಿಗೆ ಗರ್ಭಪಾತವಾಗುತ್ತದೆ. ಮೊದಲ ಸಲ ಸುಮ್ಮನೆ ದಾಟಿಹೋಗಿದ್ದ ಪುಟ ಇದು. ದೂರ ಗೊತ್ತಾದ ಮೇಲೆ ಓದಿದಾಗ ಮುಂದಿನ ಸಾಲಿಗೆ ಹೋಗಲಾಗಲಿಲ್ಲ. ಅವನ ಪ್ರಾಮಾಣಿಕತೆಯನ್ನು ಲೇಖಕಿ ಗೌರವಿಸುತ್ತಾರೆ, ನನಗೆ ಇವತ್ತಿಗೂ ಅವನ ಮೇಲೆ ಸಿಟ್ಟಿದೆ.

1958ರ ಅಧ್ಯಾಯಕ್ಕೆ ಹಾಳೆಯೂ ಬೇಕಾಗಲಿಲ್ಲ. ಉಕ್ಕು ಮಾಡಲು ಅಡುಗೆಮನೆಯ ಬಾಣಲೆಗಳನ್ನೂ ಕರಗಿಸುತ್ತಾರೆ. ಆರು ವರ್ಷದ ಹುಡುಗಿ, ಅಂದರೆ ಲೇಖಕಿ, ಶಾಲೆಯ ದಾರಿಯಲ್ಲಿ ಮೊಳೆ ಆಯುತ್ತಾಳೆ.

ಪಕ್ಷದ ಹುದ್ದೆಗಳ ಹೆಸರೆಲ್ಲ ನೆನಪಿಡುವ ಅಗತ್ಯವಿಲ್ಲ. ಯಾರಿಗೆ ವಾಹನ, ಯಾರಿಗೆ ನಡಿಗೆ ಅನ್ನುವಷ್ಟು ತಿಳಿದರೆ ಕಥೆ ಸರಾಗವಾಗಿ ಸಾಗುತ್ತದೆ.