ಎಸಿ ಪೈಪಿನ ಬಾಯ್ಲರಿನಲ್ಲಿ ಇಂಜಿನ್ ಓಡಿಸಿದೆ: ನನ್ನ ಅನುಭವ

ನಾನೇ ಕಟ್ಟಿದ ಪುಟ್ಟ ಮಾದರಿ ರೈಲು ಇಂಜಿನ್ ಕೊನೆಗೂ ಓಡಿತು. 45 ಮಿ.ಮೀ. ಅಗಲದ ಹಳಿ, ತನ್ನ ನೀರನ್ನು ತಾನೇ ಹೊರುವ ನಾಲ್ಕು ಚಕ್ರದ ಟ್ಯಾಂಕ್ ಇಂಜಿನ್, ಗ್ಯಾಸ್ ಉರಿ, ನಿಜವಾದ ಹಬೆ. ಒಮ್ಮೆ ನೀರು ತುಂಬಿದರೆ ಮೂರು ಬೋಗಿ ಎಳೆದುಕೊಂಡು 20 ನಿಮಿಷದ ಹತ್ತಿರ ಓಡುತ್ತದೆ. "ಮನೆಯಲ್ಲಿ ಬಾಯ್ಲರ್ ಮಾಡೋದು ಆಗದ ಮಾತು, ಸುಮ್ನೆ ಇಂಗ್ಲೆಂಡಿಂದ ತರಿಸಿಬಿಡಿ" ಅಂದವರೂ, "ಬಾಯ್ಲರಿನೊಳಗೆ ಉರಿ ಹಾಯುವ ಕೊಳವೆ (ಫ್ಲೂ) ಒಂದೇ ಇದ್ದರೆ ಹಬೆ ಸಾಲಲ್ಲ" ಅಂದವರೂ ಇದನ್ನು ಓದುತ್ತಾರೆ ಅಂತ ಗೊತ್ತು. ಓದಲಿ ಅಂತಲೇ ಬರೆಯುತ್ತಿದ್ದೇನೆ.

ತರಿಸುವ ಲೆಕ್ಕವನ್ನೂ ಹಾಕಿದ್ದೆ. ಬಾಯ್ಲರ್ ಒಂದಕ್ಕೇ ಸಾಗಾಟ, ಕಸ್ಟಮ್ಸ್ ಸೇರಿ 40 ಸಾವಿರ ಮುಟ್ಟುತ್ತಿತ್ತು. ಲೇತ್ ಬಿಟ್ಟರೆ ನನ್ನ ಇಡೀ ಇಂಜಿನ್ನೇ ಅದಕ್ಕಿಂತ ಕಡಿಮೆಗೆ ಮುಗಿದಿದೆ. ಹಾಳು ಮಾಡಿದ ತಾಮ್ರವನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

45 ಮಿ.ಮೀ. ಹಳಿಯಲ್ಲಿ ಮೀಟರ್ ಗೇಜ್ (ಒಂದು ಮೀಟರ್ ಅಗಲದ ಹಳಿ) ಅಂದರೆ ಸುಮಾರು 1:22 ಅಳತೆ, ಅಸಲಿಯ 22ರಲ್ಲಿ ಒಂದು ಪಾಲು. ನನ್ನದು ಯಾವ ಇಂಜಿನ್ನಿನ ನಕಲೂ ಅಲ್ಲ. ಕ್ಯಾಬಿನ ಅಂದಕ್ಕೆ ಮಾತ್ರ ಮೈಸೂರಿನ ರೈಲ್ವೆ ಮ್ಯೂಸಿಯಂ ಸುತ್ತಿ ಬಂದೆ. ಅಸಲಿಯ ಒಂದೊಂದು ರಿವೆಟ್ ಎಣಿಸಿ ತಪ್ಪು ಹುಡುಕುವವರು ಕ್ಷಮಿಸಬೇಕು.

ಬಾಯ್ಲರಿಗೆ ಹಾಕಿದ್ದು ದೊಡ್ಡ ಎಸಿ ಪ್ಲಾಂಟಿನ ತಾಮ್ರದ ಪೈಪಿನ ತುಂಡು. 54 ಮಿ.ಮೀ. ಹೊರವ್ಯಾಸ, 150 ಉದ್ದ. ಒಳಗೆ 22 ಮಿ.ಮೀ.ನ ಒಂದೇ ಫ್ಲೂ, ಅದಕ್ಕೆ ಅಡ್ಡಡ್ಡವಾಗಿ 6 ಮಿ.ಮೀ.ನ ನಾಲ್ಕು ನೀರಿನ ಟ್ಯೂಬ್. ಬಿಡಿಭಾಗ ತಿರುಪಿ ಕೂರಿಸುವ ಬಳೆಗಳು, ಅಂದರೆ ಬುಷ್‌ಗಳೆಲ್ಲ ಬ್ರಾಂಜ್ (ಕಂಚು). ಹಿತ್ತಾಳೆ ಹಾಕಿದರೆ ವರ್ಷ ಕಳೆದಂತೆ ಅದರ ಸತು ನೀರಿಗೆ ಬಿಟ್ಟುಕೊಂಡು ಬುಷ್ ಪುಡಿಯಾಗುತ್ತದೆ, ಗೊತ್ತಲ್ವಾ. ಗುಜರಿಯಲ್ಲಿ ಹಳೇ ಪಂಪಿನ ಬುಷ್‌ಗಳನ್ನು ಕೆಜಿ ಲೆಕ್ಕದಲ್ಲಿ ತಂದು ಟರ್ನಿಂಗ್ ಮಾಡಿದೆ. ದುಡ್ಡು ಉಳಿದದ್ದು ಅಲ್ಲೇ.

ದುಡ್ಡು ಹೋದದ್ದು ಬ್ರೇಜಿಂಗ್‌ನಲ್ಲಿ, ಅಂದರೆ ಬೆಳ್ಳಿ ಬೆರೆತ ಕಡ್ಡಿ ಕರಗಿಸಿ ಬೆಸೆಯುವುದರಲ್ಲಿ. ಮೊದಲ ಬಾಯ್ಲರಿಗೆ ಮಾಮೂಲಿ ಫೈರ್ ಬ್ರಿಕ್ ಜೋಡಿಸಿ ಒಂದೇ ಟಾರ್ಚಿನಲ್ಲಿ ಕಾಯಿಸಿದೆ. ಕೊಟ್ಟ ಶಾಖವನ್ನೆಲ್ಲ ಇಟ್ಟಿಗೆಯೇ ಕುಡಿಯಿತು. ತಾಮ್ರ ಕೆಂಪಾಗುವಷ್ಟರಲ್ಲಿ, ಬೆಸುಗೆ ಹರಿಯಲೆಂದು ಹಚ್ಚಿದ ಫ್ಲಕ್ಸ್ ಸತ್ತಿತ್ತು. ಸಿಲ್ವರ್ ರಾಡ್ ಹರಿಯಲಿಲ್ಲ, ಗುಂಡುಗುಂಡಾಗಿ ಉರುಳಿ ಬಿತ್ತು. 45 ಪರ್ಸೆಂಟ್ ಬೆಳ್ಳಿಯ ರಾಡು ಸ್ವಾಮಿ! ಆವತ್ತು ಒಂದೇ ಮಧ್ಯಾಹ್ನ ಎರಡು ಸಾವಿರದಷ್ಟು ನೆಲದ ಪಾಲಾಯಿತು. ಎರಡನೆಯದರಲ್ಲಿ ಬೆಸುಗೆ ಹರಿಯಿತು, ಆದರೆ ಹಿಂದಿನ ಪ್ಲೇಟ್ ಕೂರಿಸುವಾಗ ಫ್ಲೂ ಕಡೆಯ ಜಾಯಿಂಟ್ ಮತ್ತೆ ಕರಗಿ ಸರಿಯಿತು.

ಮೂರನೆಯದಕ್ಕೆ ಇಟ್ಟಿಗೆ ಬದಲಾಯಿಸಿದೆ. ಕುಲುಮೆಯ ಒಳಮೈಗೆ ಹಾಕುವ, ಕೈಗೆತ್ತಿದರೆ ಥರ್ಮೋಕೋಲಿನಷ್ಟು ಹಗುರವಾದ ಇನ್ಸುಲೇಶನ್ ಬ್ರಿಕ್ ಸಿಗುತ್ತದೆ. ಅದರಲ್ಲೇ ಗೂಡು ಕಟ್ಟಿದೆ. ಇನ್ನೊಂದು ಟಾರ್ಚ್ ಹಿಡಿಯಲು ಭಾವಮೈದುನನನ್ನು ಕರೆದೆ. ಒಬ್ಬರು ಇಡೀ ಬಾಯ್ಲರ್ ಬಿಸಿ ಇಡಬೇಕು, ಇನ್ನೊಬ್ಬರು ಜಾಯಿಂಟಿನ ಮೇಲೆ ಮಾತ್ರ ಉರಿ ಆಡಿಸಬೇಕು. ಐದಾರು ನಿಮಿಷದಲ್ಲಿ ಬೆಸುಗೆ ಸುತ್ತ ಓಡಿತು. ಮೊದಲೇ ಮಾಡಿದ ಜಾಯಿಂಟುಗಳನ್ನು ಸರಿಯದಂತೆ ಕಾಪಾಡಲು ಇನ್ನೊಂದು ಉಪಾಯ ಇದೆ. ಅದನ್ನು ನನ್ನ ಶೆಡ್ಡಿಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ.

ಮಧ್ಯದಲ್ಲಿ ಒಂದು ತಲೆಹರಟೆ. ಫ್ಲಕ್ಸ್ ತೆಗೆಯಲು ಸಿಟ್ರಿಕ್ ಆಸಿಡ್ ಬದಲು ಹುಣಸೆಹಣ್ಣಿನ ನೀರಲ್ಲಿ ಮುಳುಗಿಸಿ ನೋಡಿದೆ. ಬಾಯ್ಲರ್ ಪೂಜೆ ಚೊಂಬಿನ ಹಾಗೆ ಫಳಫಳ ಅಂದಿತು. ಗಾಜಿನಂತೆ ಗಟ್ಟಿಯಾದ ಫ್ಲಕ್ಸ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಸಿಟ್ರಿಕ್ ಆಸಿಡ್ಡೇ ಸರಿ.

ಬಾಯ್ಲರ್ ಒತ್ತಡ ತಡೆಯುತ್ತದಾ ಅನ್ನುವ ಟೆಸ್ಟ್ ನೀರಿನಲ್ಲೇ ಮಾಡಿದೆ. ಓಡುವ ಒತ್ತಡ 40 ಪಿಎಸ್ಐ, ಟೆಸ್ಟ್ 80ಕ್ಕೆ. ಒಡೆದರೆ ಸಿಡಿಯುವ ಗಾಳಿ ತುಂಬಿ ಟೆಸ್ಟ್ ಮಾಡುವವರ ಪಕ್ಕದಲ್ಲಿ ನಾನು ನಿಲ್ಲುವುದಿಲ್ಲ. ಮೀಟರಿನ ಮುಳ್ಳು ಅರ್ಧ ಗಂಟೆ ಅಲ್ಲಾಡಲಿಲ್ಲ. ಭಾವಮೈದುನ ಟೀ ಕುಡಿದು ಎದ್ದುಹೋದ, ನಾನು ನೋಡುತ್ತಲೇ ಕೂತಿದ್ದೆ.

"ಒಂದೇ ಫ್ಲೂನಲ್ಲಿ ಹಬೆ ಸಾಲಲ್ಲ" ಅಂದಿದ್ದರಲ್ಲ, ಶುರುವಿನಲ್ಲಿ ಸಾಲಲೂ ಇಲ್ಲ. ಬರ್ನರ್ ಕೂಗುತ್ತಿತ್ತು, ಪಕ್ಕದ ಮನೆಯವರು ಮಿಕ್ಸಿ ಕೆಟ್ಟಿದೆಯಾ ಅಂತ ಕೇಳುವಷ್ಟು. ಉರಿ ಹಿಂದೆ ಬರ್ನರಿಗೆ ಬರದೆ ಮುಂದಿನ ಹೊಗೆಗೂಡಿನಲ್ಲೇ (ಸ್ಮೋಕ್‌ಬಾಕ್ಸ್) ಕೂರುತ್ತಿತ್ತು. ಬರ್ನರ್ ಒಳಗೆ ಸ್ಟೀಲ್ ಜಾಲರಿ ಸುತ್ತಿಟ್ಟ ಮೇಲೆ ಕೂಗು ನಿಂತಿತು. ಆದರೆ ಅಸಲಿ ವಿಷಯ ಜೆಟ್, ಅಂದರೆ ಗ್ಯಾಸ್ ಚಿಮ್ಮುವ ಸಣ್ಣ ತೂತು. 0.2 ಮಿ.ಮೀ. ಡ್ರಿಲ್ ಮುರಿದು ಮುರಿದು ಸಾಕಾಗಿ, ಕೊನೆಗೆ ಸಿರಿಂಜಿನ ಸೂಜಿ ಕತ್ತರಿಸಿ ಬೆಸೆದೆ. ಮೆಡಿಕಲ್ ಶಾಪಿನಲ್ಲಿ ಹತ್ತು ರೂಪಾಯಿ. ಯಾವ ನಂಬರಿನ ಸೂಜಿ ಅಂತ ಕೇಳಬೇಡಿ, ಒಂದಷ್ಟು ನೀವೂ ಚುಚ್ಚಿಕೊಳ್ಳಿ. ಈಗ ತಣ್ಣೀರಿಂದ 40 ಪಿಎಸ್ಐಗೆ ಏಳೆಂಟು ನಿಮಿಷ. ಡಿಸೆಂಬರ್ ಬೆಳಿಗ್ಗೆ ಮಾತ್ರ ಬ್ಯೂಟೇನ್ ಗ್ಯಾಸ್ ಮಂಕಾಗುತ್ತದೆ. ಗ್ಯಾಸ್ ಟ್ಯಾಂಕಿನ ಸುತ್ತ ಉಗುರುಬೆಚ್ಚಗಿನ ನೀರು ಹಾಕಿದರೆ ಮತ್ತೆ ಚುರುಕು.

ಸಿಲಿಂಡರ್ ಗನ್‌ಮೆಟಲ್ (ಒಂದು ಬಗೆಯ ಕಂಚು), ಬೋರ್ ಅಂದರೆ ಒಳವ್ಯಾಸ 12 ಮಿ.ಮೀ. ಪಿಸ್ಟನ್ನಿಗೆ ಹಾಕಿದ ಸಾದಾ ನೈಟ್ರೈಲ್ ರಬ್ಬರಿನ ಓ-ರಿಂಗ್ (ಹಬೆ ಸೋರದಂತೆ ತಡೆಯುವ ಬಳೆ) ಕೆಲವೇ ಓಟದಲ್ಲಿ ಕಲ್ಲಾಯಿತು. 40 ಪಿಎಸ್ಐನಲ್ಲಿ ಹಬೆ 140 ಡಿಗ್ರಿ ಇರುತ್ತದೆ, ಪಾಪ ಅದೇನು ಮಾಡೀತು. ಶಾಖ ತಾಳುವ ವೈಟನ್ ರಬ್ಬರಿನದು ಹಾಕಿದ ಮೇಲೆ ಮತ್ತೆ ಬಿಚ್ಚಿಲ್ಲ. ಶಿಳ್ಳೆಯನ್ನೂ ಮಾಡಿದೆ. ಪೈಪ್ ಗಿಡ್ಡ ಅಲ್ವಾ, ಪ್ರೆಶರ್ ಕುಕ್ಕರಿಗಿಂತ ಕೀರಲು. ಕ್ಯಾಬಿನ ಅಡಿಗೆ ಉದ್ದದ ಪೈಪ್ ಮಡಚಿ ಕೂರಿಸುವ ಪ್ರಯೋಗ ನಡೆದಿದೆ.

ಇನ್ನು ಸಿಲಿಂಡರಿಗೆ ಹಾಕುವ ಎಣ್ಣೆ. ಮೋಟಾರ್ ಆಯಿಲ್ ಹಾಕಬೇಡಿ, ಹಬೆಯ ನೀರಿಗೆ ಬೆರೆತು ಬಿಳಿ ಗಂಜಿಯಾಗುತ್ತದೆ. 460 ಗ್ರೇಡಿನ ದಪ್ಪನೆಯ ಸ್ಟೀಮ್ ಸಿಲಿಂಡರ್ ಆಯಿಲ್ ಬೇಕು. ನನಗೆ ಸಿಕ್ಕಿದ್ದು 20 ಲೀಟರಿನ ಡಬ್ಬ, ಒಂದು ಓಟಕ್ಕೆ ಖರ್ಚಾಗುವುದು ಎರಡು ಎಂಎಲ್. ಬೇಕಾದವರು ಖಾಲಿ ಬಾಟಲಿ ತನ್ನಿ, ಪುಕ್ಕಟೆ ಕೊಡುತ್ತೇನೆ.