ಕಂಪ್ಯೂಟರ್ ಪರದೆಯ ಚಿತ್ರ ತೆಗೆದು ಮುದ್ರಿಸುವ ಕ್ರಮ

ಆನ್‌ಲೈನ್ ಅರ್ಜಿ ತುಂಬುವಾಗ ಎದುರಾದ ದೋಷದ ಸಂದೇಶವನ್ನಾಗಲಿ, ಹಣ ಪಾವತಿಯಾದ ಸೂಚನೆಯನ್ನಾಗಲಿ ಮಡಿಕೇರಿಗೋ ವಿರಾಜಪೇಟೆಗೋ ಹೋಗಿ ಬಾಯಿಮಾತಿನಲ್ಲಿ ವಿವರಿಸುವುದಕ್ಕಿಂತ, ಪರದೆಯ ಚಿತ್ರವನ್ನು ಮುದ್ರಿಸಿ ಅಧಿಕಾರಿಯ ಮುಂದಿಡುವುದು ಲೇಸು. ಆದರೆ ಪಹಣಿಯ ಪರದೆಚಿತ್ರ ಮಾಹಿತಿಗಷ್ಟೇ. ದಾಖಲೆಯಾಗಿ ಕೊಡಬೇಕಾದಲ್ಲಿ ಅಧಿಕೃತ ಪ್ರತಿಯನ್ನೇ ಪಡೆಯಬೇಕು.

ವಿಂಡೋಸ್ ಕಂಪ್ಯೂಟರಿನಲ್ಲಿ ಪ್ರಿಂಟ್ ಸ್ಕ್ರೀನ್ ಕೀಲಿಯನ್ನು ಒತ್ತಿದರೆ, ಹೆಸರು ಏನೇ ಹೇಳಲಿ, ಕಾಗದವೇನೂ ಹೊರಬರುವುದಿಲ್ಲ. ಸಾಮಾನ್ಯವಾಗಿ ಪರದೆಯ ನಕಲು ಕ್ಲಿಪ್‌ಬೋರ್ಡಿಗೆ, ಅಂದರೆ ನಕಲಿಸಿದ್ದನ್ನು ಕಂಪ್ಯೂಟರ್ ನೆನಪಿಟ್ಟುಕೊಳ್ಳುವ ಜಾಗಕ್ಕೆ, ಸೇರುತ್ತದೆ. ವಿಂಡೋಸ್ 11ರ ಈಚಿನ ಆವೃತ್ತಿಗಳಲ್ಲಿ ಪರದೆಯ ಚಿತ್ರ ತೆಗೆಯುವ ಸ್ನಿಪ್ಪಿಂಗ್ ಟೂಲ್ ಎಂಬ ತಂತ್ರಾಂಶ ತೆರೆದುಕೊಳ್ಳುತ್ತದೆ. ಕ್ಲಿಪ್‌ಬೋರ್ಡಿನಲ್ಲಿರುವುದು ತಾತ್ಕಾಲಿಕ ನಕಲು. ಮಳೆಗಾಲದಲ್ಲಿ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದು ಕರೆಂಟು ಹೋಗುವುದು ನಮ್ಮ ಜಿಲ್ಲೆಗೆ ಹೊಸತಲ್ಲವಾದ್ದರಿಂದ, ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆರಿದೊಡನೆ ಆ ನಕಲೂ ಇಲ್ಲವಾಗುತ್ತದೆ. ಹೀಗಾಗಿ ವಿಂಡೋಸ್ ಕೀಲಿಯನ್ನು ಒತ್ತಿಹಿಡಿದು ಪ್ರಿಂಟ್ ಸ್ಕ್ರೀನ್ ಒತ್ತುವ ಕ್ರಮವೇ ಮೇಲೆಂದು ನನ್ನ ಅಭಿಪ್ರಾಯ: ಪರದೆ ಕ್ಷಣಕಾಲ ಮಂಕಾಗುತ್ತದೆ, ಚಿತ್ರವು ಪಿಕ್ಚರ್ಸ್ ಫೋಲ್ಡರಿನೊಳಗಿನ ಸ್ಕ್ರೀನ್‌ಶಾಟ್ಸ್ ಎಂಬಲ್ಲಿ ಪಿಎನ್‌ಜಿ ಎಂಬ ಬಗೆಯ ಚಿತ್ರ ಕಡತವಾಗಿ ತಾನಾಗಿಯೇ ಉಳಿಯುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಕೀಲಿಯನ್ನೂ ಜೊತೆಗೆ ಒತ್ತಬೇಕಾಗುತ್ತದೆ. ಪರದೆಯ ಒಂದು ಭಾಗವಷ್ಟೇ ಸಾಕಿದ್ದರೆ ವಿಂಡೋಸ್, ಶಿಫ್ಟ್, ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಬೇಕಾದಷ್ಟು ಜಾಗವನ್ನು ಮೌಸಿನಿಂದ ಗುರುತಿಸಬಹುದು.

ಮುದ್ರಣದಲ್ಲಿ ಅಕ್ಷರ ಓದಲಾಗದಂತೆ ಬರುತ್ತದೆ ಎಂಬುದೇ ಹಲವರ ದೂರು. ಪರದೆ ಅಗಲ, ಕಾಗದ ಉದ್ದ. ಎ4 ಹಾಳೆಯ ಅಳತೆ 210 ಗುಣಿಲೆ 297 ಮಿಲಿಮೀಟರ್ ಆಗಿರುವುದರಿಂದ, ಹಾಳೆಯನ್ನು ನಿಲ್ಲಿಸಿದಂತೆ ಮುದ್ರಿಸಿದರೆ, ಅಡ್ಡಲಾಗಿ ಮುದ್ರಿಸಿದಾಗ ಸಿಗುವ ಅಗಲದ ಸುಮಾರು ಶೇ 70ರಷ್ಟೇ ಸಿಗುತ್ತದೆ. ಆದ್ದರಿಂದ ಚಿತ್ರವನ್ನು ವಿಂಡೋಸಿನ ಪೇಂಟ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ತೆರೆದು, ಬೇಡದ ಅಂಚುಗಳನ್ನು ಕತ್ತರಿಸಿ, ಪೇಜ್ ಸೆಟಪ್‌ನಲ್ಲಿ ಲ್ಯಾಂಡ್‌ಸ್ಕೇಪ್ (ಅಡ್ಡ ಹಾಳೆ) ಆರಿಸಿ, ಒಂದೇ ಪುಟಕ್ಕೆ ಹೊಂದುವಂತೆ ಮಾಡಿ, ಅನಂತರ ಕಂಟ್ರೋಲ್ ಮತ್ತು ಪಿ ಒತ್ತಬೇಕು. ತೆಗೆದ ಚಿತ್ರವನ್ನು ಆಮೇಲೆ ಎಷ್ಟು ಹಿಗ್ಗಿಸಿದರೂ ಸ್ಪಷ್ಟತೆ ಹೆಚ್ಚುವುದಿಲ್ಲ. ಬ್ರೌಸರಿನಲ್ಲಿ ಕಂಟ್ರೋಲ್ ಮತ್ತು ಪ್ಲಸ್ ಒತ್ತಿ ಅಕ್ಷರಗಳನ್ನು ದೊಡ್ಡದಾಗಿಸಿಕೊಂಡ ಮೇಲೆಯೇ ಚಿತ್ರ ತೆಗೆಯುವುದು ಸರಿಯಾದ ದಾರಿ. ಕಪ್ಪು ಹಿನ್ನೆಲೆಯಿದ್ದರೆ ಮೊದಲು ಬಿಳಿಗೆ ಬದಲಿಸಿ. ಇಲ್ಲದಿದ್ದರೆ ಶಾಯಿ ವೃಥಾ ಖರ್ಚು. ಬ್ಯಾಂಕ್ ಖಾತೆಯ ಸಂಖ್ಯೆ ಕಾಣುತ್ತಿದ್ದು ಅದರ ಅಗತ್ಯವಿಲ್ಲದಿದ್ದರೆ ಪೇಂಟಿನಲ್ಲೇ ಮುಚ್ಚಿಬಿಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟ್ರೇಯಲ್ಲೇ ಬಿಟ್ಟ ಹಾಳೆಗಳು ತೇವ ಹೀರಿ, ಒಂದಕ್ಕೊಂದು ಅಂಟಿ ಪ್ರಿಂಟರಿನಲ್ಲಿ ಸಿಕ್ಕಿಕೊಳ್ಳುತ್ತವೆ. ಕಟ್ಟನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿರಿಸಿ, ಬೇಕಾದಷ್ಟು ಹಾಳೆಗಳನ್ನು ಮಾತ್ರ ತೆಗೆದು ಹಾಕಬೇಕು.