ಕೊಯ್ಲು ಮುಗಿದರೂ ಇಳಿಯದ ಸುಸ್ತು: ತೋಟ ನಡೆಸುವವರಿಗೆ

ರೊಬಸ್ಟಾ ಕಾಫಿ ಕೊಯ್ಲು ಮುಗಿದು ಎರಡು ವಾರ ಚೆನ್ನಾಗಿ ನಿದ್ದೆ ಮಾಡಿದ ಮೇಲೂ ಸುಸ್ತು, ಕೆಲಸದ ಮೇಲೆ ಜಿಗುಪ್ಸೆ, ‘ನನ್ನಿಂದ ಏನೂ ಆಗ್ತಿಲ್ಲ’ ಅನ್ನೋ ಭಾವ ಉಳಿದಿದ್ದರೆ ಅದು ಬರೀ ದಣಿವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್‌ಗೆ (ಕೆಲಸದ ಒತ್ತಡ ತೀರದೆ ಬರುವ ಬಳಲಿಕೆಗೆ) ಹೇಳಿದ ಮೂರು ಲಕ್ಷಣಗಳು ಹೆಚ್ಚುಕಡಿಮೆ ಇವೇ. ಇದರ ಮೂಲ ಇರೋದು ಕೆಲಸದ ಒತ್ತಡದಲ್ಲಾದ್ದರಿಂದ ರಜೆಯೊಂದೇ ಸಾಲದು. ತಲಕಾವೇರಿಗೆ ಹೋಗಿ ಬಂದರೂ ಹೊರೆ ಕಾದೇ ಇರುತ್ತೆ.

ಒಂದು ವಾರ, ನಿಮ್ಮನ್ನು ಕೇಳಿಯೇ ಆಗುವ ಪ್ರತಿ ನಿರ್ಧಾರವನ್ನೂ ಬರೆದಿಡಿ. ಸ್ಪ್ರಿಂಕ್ಲರ್ ಪಂಪಿಗೆ ಡೀಸೆಲ್, ಆಳುಗಳ ಹಾಜರಿ, ಯಾವ ಲೈನಿಗೆ ಯಾರು ಎಂಬಂಥವನ್ನು ತೋಟದ ಲೆಕ್ಕ, ಆಳು ನೋಡಿಕೊಳ್ಳುವ ರೈಟರ್‌ಗೆ ಬಿಡಿ. ಇಷ್ಟು ರೂಪಾಯಿವರೆಗೆ ಕೇಳಬೇಕಿಲ್ಲ ಅಂತ ಮಿತಿಯನ್ನೂ ಹೇಳಿ. ಹೆಚ್ಚಿನವರು ಎಡವೋದು ಇಲ್ಲೇ: ಕೆಲಸ ವಹಿಸಿ ಅಧಿಕಾರ ಇಟ್ಟುಕೊಂಡರೆ ಫೋನ್ ಇನ್ನೂ ಜಾಸ್ತಿ ಬಡಿದುಕೊಳ್ಳುತ್ತೆ. ರಾತ್ರಿ ಎಂಟರ ಮೇಲೆ ಆನೆ, ಬೆಂಕಿ, ಅಪಘಾತಕ್ಕೆ ಮಾತ್ರ ಕರೆ.

ಹೂಮಳೆ (ಕಾಫಿ ಹೂ ಅರಳಿಸುವ ಮಳೆ), ಕಾಫಿ ದರ ನಿಮ್ಮ ಕೈಲಿಲ್ಲ. ಭರವಸೆಯನ್ನು ಅವಕ್ಕೆ ಕಟ್ಟಬೇಡಿ. ಹತ್ತು ದಿನದಲ್ಲಿ ಕಣ್ಣಿಗೆ ಕಾಣುವ ಗುರಿ ಹಿಡಿಯಿರಿ. ಉದಾಹರಣೆಗೆ, ಒಂದೇ ಎಕರೆಯಲ್ಲಿ ಉದುರಿದ ಹಣ್ಣು ಪೂರಾ ಹೆಕ್ಕಿಸುವುದು. ಕಾಯಿ ಕೊರೆಯುವ ಹುಳ, ಕಾಯಿಕೊರಕದ ಕಾಟವೂ ತಗ್ಗುತ್ತೆ.

ಬದುಕೇ ಬೇಡ ಅನ್ನಿಸಿದರೆ ಇದ್ಯಾವುದಕ್ಕೂ ಕಾಯದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ. ಉಚಿತ, ದಿನವಿಡೀ, ಕನ್ನಡದಲ್ಲೇ ಮಾತಾಡಬಹುದು.